ಮನೆಯ ತಾಳೆಗರಿ ಕಟ್ಟನ್ನು ಸಂಗ್ರಹಾಲಯಕ್ಕೆ ಕೊಟ್ಟರೆ ಸಂಶೋಧನೆಗೆ ಏನು ಪ್ರಯೋಜನ?

ಬೇರೆ ಪ್ರತಿಗಳೊಡನೆ ಹೋಲಿಸಿ ನೋಡಲು ಸಾಧ್ಯವಾಗುತ್ತದೆ. ದೊಡ್ಡ ಪ್ರಯೋಜನ ಅದೇ. ಕಾಸರಗೋಡಿನ ನಿಮ್ಮ ಮನೆಯ ಅಟ್ಟದಲ್ಲಿ ಒಂಟಿಯಾಗಿ ಬಿದ್ದಿರುವ ಕಟ್ಟು ತನ್ನ ತಪ್ಪನ್ನು ತಾನೇ ತೋರಿಸಲಾರದು. ಹಿಂದೆ ಕಂಟವೆಂಬ ಮೊನಚಾದ ಕಬ್ಬಿಣದ ಕಡ್ಡಿಯಿಂದ ಗರಿಯ ಮೇಲೆ ಅಕ್ಷರ ಕೊರೆದು, ಮೇಲೆ ಮಸಿ ಸವರುತ್ತಿದ್ದರು. ಗರಿ ಜೀರ್ಣವಾದಾಗ ಇನ್ನೊಬ್ಬರು ಪ್ರತಿ ಮಾಡುತ್ತಿದ್ದರು. ಆಗ ಎಲ್ಲೋ ಒಂದು ಅಕ್ಷರ ತಪ್ಪುತ್ತಿತ್ತು, ಒಂದು ಸಾಲು ಬಿಟ್ಟುಹೋಗುತ್ತಿತ್ತು. ಒಂದು ಪ್ರತಿಯಲ್ಲಿ ಹುಳು ತಿಂದ ಪದ ಇನ್ನೊಂದರಲ್ಲಿ ಉಳಿದಿರಬಹುದು. ನಾಲ್ಕಾರು ಪ್ರತಿಗಳು ಒಂದೆಡೆ ಸಿಕ್ಕರೆ ಮೂಲಪಾಠಕ್ಕೆ ಹತ್ತಿರವಾದದ್ದು ಯಾವುದೆಂದು ವಿದ್ವಾಂಸರು ನಿರ್ಧರಿಸುತ್ತಾರೆ.

ತುಳುವಿಗೆ ಲಿಖಿತ ಸಾಹಿತ್ಯವೇ ಇಲ್ಲ ಎಂದು ಅನೇಕರು ನಂಬಿದ್ದ ಕಾಲವೊಂದಿತ್ತು. ನಮ್ಮ ಜಿಲ್ಲೆಯವರೇ ಆದ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ತಾಳೆಗರಿಗಳನ್ನು ಹುಡುಕಿ ಓದಿ, ಹಳೆಯ ಕಾವ್ಯಗಳನ್ನು ಬೆಳಕಿಗೆ ತಂದರು. ಆ ಗರಿಗಳು ಒಲೆಗೋ ಹೊಳೆಗೋ ಹೋಗಿದ್ದರೆ ಅಷ್ಟೂ ನಷ್ಟವಾಗುತ್ತಿತ್ತು.

ಕೊಡುವಾಗ ಕಟ್ಟು ಯಾವ ಊರಿನದು, ಯಾವ ಮನೆತನದ್ದು, ಯಾವ ಸಂದರ್ಭದಲ್ಲಿ ಓದುತ್ತಿದ್ದರು ಎಂಬುದನ್ನು ತಪ್ಪದೆ ಬರೆಸಿ. ಈ ವಿವರವಿಲ್ಲದಿದ್ದರೆ ವಸ್ತುವಿನ ಅರ್ಧ ಬೆಲೆ ಹೋದಂತೆ. ಮುರಿದ ಗರಿಯೆಂದು ಏನನ್ನೂ ಎಸೆಯಬೇಡಿ, ಕೊನೆಯ ಗರಿಯನ್ನಂತೂ ಖಂಡಿತ ಬೇಡ. ಪ್ರತಿ ಮಾಡಿದವರ ಹೆಸರು, ಸಂವತ್ಸರ ಸಾಮಾನ್ಯವಾಗಿ ಅಲ್ಲೇ ಇರುತ್ತವೆ.