ಸಾಹೇಬರು ಸಮುದ್ರಕ್ಕೆ ಹೋಗಿದ್ದಾರೆ

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ‘ಒಂದು ಚೇಂಜ್ ಇರಲಿ’ ಅಂತ ಟೂರ್ ಮಾಡಿಸುವ ಮಕ್ಕಳು ಆಪ್ತಸಮಾಲೋಚಕಿಯಾದ ನನ್ನ ಬಳಿ ಆಗಾಗ ಬರುತ್ತಾರೆ. ಹೋಗುವ ಮೊದಲು ಯಾರೂ ಬರುವುದಿಲ್ಲ, ಹೋಗಿ ಬಂದ ಮೇಲೆ ಬರುತ್ತಾರೆ. ಅಷ್ಟು ಖರ್ಚು ಮಾಡಿದರೂ ಅಮ್ಮನ ಮುಖದಲ್ಲಿ ಖುಷಿ ಕಾಣಲಿಲ್ಲ ಅನ್ನೋದು ಅವರ ದೂರು. ಈ ಪ್ರಕರಣವೂ ಹಾಗೇ ಶುರುವಾಯಿತು, ಆಮೇಲೆ ಬೇರೆ ದಾರಿ ಹಿಡಿಯಿತು. ಗುರುತು ಸಿಗದ ಹಾಗೆ ಊರು, ಕೆಲಸ, ವಯಸ್ಸು ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ತಾಯಿ ಮಲೆನಾಡಿನವರು. ತಂದೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದವರು. ವರ್ಷಾಂತಿಕ ಮುಗಿಯುವ ತನಕ ಕಾದು, ಜನವರಿಯಲ್ಲಿ ಮಗ ಎಲ್ಲರನ್ನೂ ಅಂಡಮಾನಿಗೆ ಕರೆದುಕೊಂಡು ಹೋದರು. ಹ್ಯಾವ್ಲಾಕ್ ದ್ವೀಪ, 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಮಳೆಕಾಡಿನ ಮರಗಳ ನಡುವೆ ಒಂದೊಂದೇ ವಿಲ್ಲಾ, ಕಾಡು ದಾಟಿದರೆ ಬಿಳಿ ಮರಳು. ಅಲ್ಲಿನ ಒಂದು ರಾತ್ರಿಯ ಬಾಡಿಗೆ ಅಪ್ಪನ ತಿಂಗಳ ಪಿಂಚಣಿಗಿಂತ ಜಾಸ್ತಿ. ಇದನ್ನು ಮಗನೇ ಹೇಳಿದ್ದು, ಸ್ವಲ್ಪ ಹೆಮ್ಮೆಯಿಂದ. ಮಗ, ಸೊಸೆ, ಮೊಮ್ಮಗನಿಗೆ ಒಂದು ವಿಲ್ಲಾ. ಅಮ್ಮನಿಗೆ ಪ್ರೈವೆಸಿ ಇರಲಿ ಅಂತ ಪಕ್ಕದ್ದು.

ಮೊದಲ ಸಲ ಮಗ ಒಬ್ಬರೇ ಬಂದರು. ‘ಮೇಡಂ, ಅಮ್ಮನ ತಲೆಗೆ ಏನೋ ಆಗಿದೆ’ ಅಂದರು. ಬೆಳಿಗ್ಗೆ ಅಮ್ಮನ ವಿಲ್ಲಾಕ್ಕೆ ಹೋದರೆ ಟೇಬಲ್ ಮೇಲೆ ಕುಡಿದಿಟ್ಟ ಎರಡು ಕಾಫಿ ಕಪ್ಪು. ಒದ್ದೆಯಾದ ಎರಡು ಟವೆಲ್. ಹಾಸಿಗೆಯ ಎರಡೂ ಬದಿಯ ದಿಂಬು ಕುಗ್ಗಿದೆ. ಹೊರಡುವ ದಿನ ರಿಸಾರ್ಟಿನವರೊಬ್ಬರು, ‘ನಿಮ್ಮ ತಂದೆ ಇನ್ನೂ ಬೀಚಿನಿಂದ ಬಂದಿಲ್ವಾ?’ ಅಂತ ಕೇಳಿದರಂತೆ. ಇವರಿಗೆ ಕೈಕಾಲೇ ಆಡಲಿಲ್ಲ.

ಮಗ ಹೆದರಿದ್ದು ತಪ್ಪಲ್ಲ. ವಯಸ್ಸಾದವರಲ್ಲಿ ಇಂಥದ್ದೇನಾದರೂ ಹೊಸದಾಗಿ ಕಂಡರೆ ಮೊದಲು ಡಾಕ್ಟರಿಗೆ ತೋರಿಸಬೇಕು. ನಾನೂ ಅದನ್ನೇ ಹೇಳಿದೆ. ನೆನಪಿನ ಪರೀಕ್ಷೆ, ಥೈರಾಯ್ಡ್, ಬಿ12 ಎಲ್ಲ ಸರಿಯಿತ್ತು. ಆಮೇಲೆ ಅಮ್ಮ ಬಂದರು. ಮಗನನ್ನು ಹೊರಗೆ ಕೂರಿಸಿದೆ.

ಕುರ್ಚಿಯ ಅಂಚಿನಲ್ಲಿ ಕೂತು ಸೆರಗು ಸರಿಮಾಡಿಕೊಂಡು, ‘ಅವನು ಹೇಳಿರ್ತಾನಲ್ಲ, ನಾನು ಎರಡು ಕಪ್ ಕಾಫಿ ಮಾಡ್ತೀನಿ ಅಂತ?’ ಅಂದರು.

‘ಮಾಡ್ತಿದ್ರಾ ಅಮ್ಮಾ?’

‘ಇಲ್ಲ. ಒಂದೇ ಮಾಡ್ತಿದ್ದೆ. ಕುಡಿದಾದ ಮೇಲೆ ತಳದಲ್ಲಿ ಉಳಿದದ್ದನ್ನ ಇನ್ನೊಂದು ಕಪ್ಪಿಗೆ ಸುರಿದು ಇಡ್ತಿದ್ದೆ.’

ಯಾಕೆ ಅಂತ ನಾನು ಕೇಳಲಿಲ್ಲ. ಅವರೇ ಮುಂದುವರಿಸಿದರು.

‘ಅಲ್ಲಿ ಎಲ್ಲಾ ಎರಡೆರಡು ಇಟ್ಟಿರ್ತಾರೆ. ಎರಡು ಕಪ್ಪು, ಎರಡು ಟವೆಲ್, ಎರಡು ಜೊತೆ ಚಪ್ಪಲಿ. ಹೊರಗೆ ಸಮುದ್ರದ ಕಡೆ ಮುಖ ಮಾಡಿ ಎರಡು ಕುರ್ಚಿ. ರೂಮು ಕ್ಲೀನ್ ಮಾಡೋಕೆ ಒಂದು ಬಂಗಾಳಿ ಹುಡುಗಿ ಬರ್ತಿದ್ಲು. ಮೊದಲ ದಿನ ಒಂದು ಟವೆಲ್ ಮುಟ್ಟೇ ಇಲ್ಲ ಅಂತ ನೋಡಿ, ಸಾಹೇಬರು ಬಂದಿಲ್ವಾ ಅಂತ ಹಿಂದಿಯಲ್ಲಿ ಕೇಳಿದ್ಲು. ಸಮುದ್ರಕ್ಕೆ ಹೋಗಿದ್ದಾರೆ ಅಂದ್ಬಿಟ್ಟೆ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ನೋಡಿ. ಹಾಗೆ ಹೇಳಿದ ಮೇಲೆ ಟವೆಲ್ ಒದ್ದೆ ಮಾಡಿಡಬೇಕಲ್ಲ?’

ಇಷ್ಟು ಹೇಳಿ ಅವರೇ ನಕ್ಕರು. ನನಗೂ ನಗು ಬಂತು. ಆಮೇಲೆ ದನಿ ಇಳಿಸಿದರು.

‘ದಿನಾ ಬಂದು ಕೇಳೋಳು. ಸಾಹೇಬರಿಗೆ ಮೀನು ಆಗುತ್ತಾ, ಸಾಹೇಬರು ಸಂಜೆ ಮೇಲೆ ನೀರಿಗಿಳಿಯೋದು ಬೇಡ, ಮೊಸಳೆ ಭಯ ಇದೆ, ಹೇಳಿ ಅವರಿಗೆ ಅಂತ. ಅಷ್ಟು ದಿನದಲ್ಲಿ ನಮ್ಮನೆಯವರ ಬಗ್ಗೆ ಮಾತಾಡಿದ್ದು ಆ ಹುಡುಗಿ ಒಬ್ಬಳೇ.’

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಟೂರಿನಲ್ಲಿ ಅಪ್ಪನ ಸುದ್ದಿ ಎತ್ತಬಾರದು ಅಂತ ಮಗ, ಸೊಸೆ ಮೊದಲೇ ಮಾತಾಡಿಕೊಂಡಿದ್ದರು. ಮೊಮ್ಮಗನಿಗೂ ಹೇಳಿಕೊಟ್ಟಿದ್ದರು. ಅಂಡಮಾನಿನಲ್ಲಿ ಜನವರಿಯಲ್ಲಿ ಐದೂಕಾಲರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ರಾತ್ರಿ ಊಟ ಎಂಟಕ್ಕೆ. ನಡುವಿನ ಆ ಹೊತ್ತು ಅಮ್ಮ ಕಾಡಿನ ಮಧ್ಯೆ ಒಬ್ಬರೇ, ಫೋನಿಗೆ ಸಿಗ್ನಲ್ಲೂ ಸರಿಯಿಲ್ಲ. ಇದರಲ್ಲಿ ರಿಸಾರ್ಟಿನ ತಪ್ಪೇನಿಲ್ಲ. ಅದನ್ನು ಕಟ್ಟಿರೋದೇ ಜೋಡಿಗಳಿಗೆ. ಮಲೆನಾಡಿನವರಿಗೆ ಕಾಡು, ಮಳೆ ತೋರಿಸಲು ಅಷ್ಟು ದುಡ್ಡು ಕೊಡಬೇಕಿತ್ತಾ ಅನ್ನುವ ಪ್ರಶ್ನೆ ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಇನ್ನೂ ಒಂದು ವಿಷಯ ಹೊರಬಂತು. ಪೋರ್ಟ್ ಬ್ಲೇರಿನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯ ಪುರಂ) ವಿಮಾನ ಇಳಿದವರು ನೇರ ಫೆರಿ ಹತ್ತಿದ್ದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆಲ್ಯುಲರ್ ಜೈಲಿಗೆ ಹೋಗಲಿಲ್ಲ. ‘ಅಮ್ಮನ ಮನಸ್ಸು ಸರಿಯಿಲ್ಲದಾಗ ಗಲ್ಲಿಗೇರಿಸಿದ ಜಾಗ ಯಾಕೆ’ ಅನ್ನೋದು ಮಗನ ಲೆಕ್ಕ. ಅಮ್ಮ ಅಂಡಮಾನಿಗೆ ಒಪ್ಪಿದ್ದೇ ಆ ಜೈಲಿಗಾಗಿ. ಗಂಡ ಪ್ರತಿ ವರ್ಷ ಆ ಪಾಠ ಮಾಡುತ್ತಿದ್ದರು, ಒಂದು ಸಲ ನೋಡಬೇಕು ಅನ್ನುತ್ತಿದ್ದರು. ನನ್ನೆದುರು ಕೂತ ಅಮ್ಮ ಪಾಠ ಒಪ್ಪಿಸುವ ಹಾಗೆ ಹೇಳಿದರು: 1906ರಲ್ಲಿ ಕಟ್ಟಿ ಮುಗಿಸಿದ್ದು, ಏಳು ಸಾಲು ಕಟ್ಟಡ, ಸುಮಾರು 700 ಕೋಣೆ, ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣದ ಹಾಗೆ. ಈಗ ಉಳಿದಿರುವುದು ಮೂರೇ ಸಾಲು.

ಮಗನನ್ನು ಒಳಗೆ ಕರೆದು, ಕಪ್ಪಿನ ವಿಷಯ ನೀವೇ ಹೇಳಿ ಅಂತ ಅಮ್ಮನಿಗೆ ಹೇಳಿದೆ. ಹೇಳಿದರು. ಮಗ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಪ್ಪನ ಹೆಸರೆತ್ತಿದರೆ ಅಮ್ಮ ಅಳ್ತಾರೆ ಮೇಡಂ, ಅದಕ್ಕೇ...’ ಅಂದರು. ಅಳಲಿ ಬಿಡಿ ಅಂದೆ. ಅಳು ಬರುತ್ತೆ ಅಂತ ಹೆಸರನ್ನೇ ಮುಚ್ಚಿಟ್ಟರೆ ಅಳೋದು ನಿಲ್ಲಲ್ಲ, ಬಾಗಿಲು ಹಾಕಿಕೊಂಡು ಅಳ್ತಾರೆ.

ನಾನು ಕೊಟ್ಟ ಸಲಹೆ ಸರಳ. ಸದ್ಯಕ್ಕೆ ‘ಚೇಂಜ್’ಗಾಗಿ ಟೂರ್ ಬೇಡ. ಮನೆಯಲ್ಲಿ ಅಪ್ಪನ ಮಾತು ಬರಲಿ, ಅವರ ಬೈಗುಳ, ಜಿಪುಣತನ, ಎಲ್ಲಾ. ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಬೇರೆ ರೂಮು ಬೇಡ, ಮೊಮ್ಮಗ ಜೊತೆಯಲ್ಲಿ ಮಲಗಲಿ. ಎಲ್ಲಿಗೆ ಅನ್ನೋದನ್ನು ಅಮ್ಮನೇ ಹೇಳಲಿ.

ಆ ಸುಳ್ಳನ್ನು ನಾನು ತಿದ್ದಲಿಲ್ಲ ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಕ್ಷೇಪ ಮಾಡಿದರು. ಸಾವನ್ನು ಒಪ್ಪಿಕೊಳ್ಳದವರಿಗೆ ಇನ್ನಷ್ಟು ಸಲಿಗೆ ಕೊಟ್ಟ ಹಾಗಾಯಿತು ಅಂತ. ನಾನು ಒಪ್ಪುವುದಿಲ್ಲ. ಟವೆಲ್ ಒದ್ದೆ ಮಾಡುವವರಿಗೆ ಗಂಡ ಇಲ್ಲ ಅನ್ನೋದು ಚೆನ್ನಾಗಿ ಗೊತ್ತಿದೆ. ಅಷ್ಟೇ ಅಲ್ಲ, ತೀರಿಹೋದವರು ಪಕ್ಕದಲ್ಲೇ ಇದ್ದಾರೆ ಅಂತ ನಿಜವಾಗಿ ಅನಿಸುವುದೂ ಹುಚ್ಚಲ್ಲ. ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹಾಗೆ ಅನಿಸಿತ್ತು. ಬಹಳ ಮಂದಿ ಅದನ್ನು ಯಾರಿಗೂ ಹೇಳಿರಲಿಲ್ಲ. ಊಟ ಬಿಟ್ಟರೆ, ನಿದ್ದೆ ಬಾರದಿದ್ದರೆ, ‘ನನಗೂ ಸಾಕು’ ಅನ್ನತೊಡಗಿದರೆ, ತಿಂಗಳುಗಟ್ಟಲೆ ದುಃಖ ಒಂದಿಷ್ಟೂ ಸಡಿಲವಾಗದೆ ದಿನದ ಕೆಲಸವೇ ನಿಂತರೆ ಆಗ ಮಾತು ಬೇರೆ. ಮನೋವೈದ್ಯರನ್ನು ಕಾಣಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಈ ಅಮ್ಮನಲ್ಲಿ ಅಂಥದ್ದೇನೂ ಇರಲಿಲ್ಲ.

ಕೊನೆಯ ಭೇಟಿಯಲ್ಲಿ ಅಮ್ಮ ಇನ್ನೊಮ್ಮೆ ಅಂಡಮಾನಿಗೆ ಹೋಗುವ ಮಾತೆತ್ತಿದರು. ಜೈಲು ನೋಡಲು. ಪೋರ್ಟ್ ಬ್ಲೇರಿನಲ್ಲೇ ಯಾವುದಾದರೂ ಲಾಡ್ಜ್ ಸಾಕಂತೆ, ಎಲ್ಲರಿಗೂ ಒಂದೇ ರೂಮು. ‘ಅಮ್ಮನನ್ನ ಲಾಡ್ಜಿನಲ್ಲಿ ಇಳಿಸೋದಾ, ನೀವಾದ್ರೂ ಹೇಳಿ ಮೇಡಂ’ ಅಂತ ಮಗ ನನ್ನ ಕಡೆ ತಿರುಗಿದರು. ‘ನಿಮ್ಮಪ್ಪ ಇದ್ದಿದ್ರೆ ಅಲ್ಲೇ ಇಳೀತಿದ್ರು’ ಅಂದರು ಅಮ್ಮ. ‘ಅಪ್ಪ ಇಳೀತಿದ್ರು, ಸರಿ. ಸೊಳ್ಳೆ ಕಚ್ಚಿತು ಅಂತ ರಾತ್ರಿಯೆಲ್ಲ ಬೈತಿದ್ದದ್ದೂ ಅವರೇ ಅಲ್ವಾ?’ ಅಂದರು ಮಗ. ಲಾಡ್ಜಿನ ತೀರ್ಮಾನ ಆಗದೆ ಇಬ್ಬರೂ ಎದ್ದು ಹೋದರು.