ಕುರ್ಲಾದ ಮಳೆಗೆ ಸಾಂತಾಕ್ರೂಜ್‌ನ ಲೆಕ್ಕ ಸಾಕೇ?

ಮುಂಬಯಿಯ ಕುರ್ಲಾದ ಹಿರಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಜುಲೈ ತಿಂಗಳ ಒಂದು ಬುಧವಾರ, ಆಟಿ ಅಮಾವಾಸ್ಯೆಯ ಮುನ್ನಾದಿನ, ಅವರ ಸೊಸೈಟಿಯ ಗೇಟಿನಲ್ಲಿ ಮೊಣಕಾಲು ಮುಳುಗುವಷ್ಟು ನೀರು ನಿಂತಿತು. ಮಳೆ ಜೋರಾಗಿದ್ದದ್ದು ಮಧ್ಯಾಹ್ನ 12ರಿಂದ 2ರವರೆಗೆ. ಎಂಟನೇ ತರಗತಿಯ ಮೊಮ್ಮಗ ಟೆರೇಸಿನಲ್ಲಿಟ್ಟ ಬಾಟ್ಲಿಯಲ್ಲಿ ಸಂಜೆ 6ಕ್ಕೆ 207 ಮಿಲಿಮೀಟರ್ ಅಳೆದ. ಮರುದಿನದ ಪೇಪರಿನಲ್ಲಿ ಬಂದ ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದ ಅಂಕಿ ಅದರ ಮೂರರಲ್ಲೊಂದು ಪಾಲೂ ಇರಲಿಲ್ಲ. "ಸರಕಾರದ ಅಂಕಿ ಸುಳ್ಳೋ, ನಮ್ಮ ಹುಡುಗನ ಬಾಟ್ಲಿ ಸುಳ್ಳೋ? ಹವಾಮಾನ ಬದಲಾವಣೆ ಎಂದರೆ ಇದೇನಾ? ಊರಲ್ಲಿ ನಾವು ಕಂಡ ಪುನರ್ವಸು, ಪುಷ್ಯದ ಜಿಟಿಜಿಟಿ ಮಳೆ ಎಲ್ಲಿ ಹೋಯಿತು?" ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಮೊದಲು ಬಾಟ್ಲಿಯ ವಿಷಯ ಮುಗಿಸೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಅದು 2 ಲೀಟರಿನ ತಂಪು ಪಾನೀಯದ ಬಾಟ್ಲಿ, ಅಡ್ಡಳತೆ 10 ಸೆಂ.ಮೀ., ಬಾಯಿಗೆ 15 ಸೆಂ.ಮೀ. ಅಗಲದ ಅಡುಗೆಮನೆ ಆಲಿಕೆ ಸಿಕ್ಕಿಸಿದ್ದೇವೆ ಎಂದು ಬರೆದಿದ್ದೀರಿ. ತಪ್ಪು ಅಲ್ಲಿಯೇ ಇದೆ. ಮಳೆಯನ್ನು ಹಿಡಿದದ್ದು 15 ಸೆಂ.ಮೀ. ಬಾಯಿ, ನೀರು ನಿಂತದ್ದು 10 ಸೆಂ.ಮೀ. ಹೊಟ್ಟೆಯಲ್ಲಿ. ಅಗಲದ ಬಾಯಿಯ ನೀರು ಕಿರಿದಾದ ಹೊಟ್ಟೆಗೆ ಇಳಿದಾಗ ಮಟ್ಟ ಏರಲೇಬೇಕು. ಎಷ್ಟು ಏರುತ್ತದೆ? 15ನ್ನು 10ರಿಂದ ಭಾಗಿಸಿ ವರ್ಗ ಮಾಡಿ: ಎರಡೂಕಾಲು ಪಟ್ಟು. ಹಾಗಾಗಿ 207ನ್ನು 2.25ರಿಂದ ಭಾಗಿಸಬೇಕು. ಬರುವುದು 92 ಮಿ.ಮೀ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 64.5ರಿಂದ 115.5 ಮಿ.ಮೀ. 'ಭಾರಿ', 204.4ರವರೆಗೆ 'ಅತಿ ಭಾರಿ', ಅದಕ್ಕೂ ಮೇಲಿನದು 'ಅತ್ಯಂತ ಭಾರಿ'. ಒಂದು ಆಲಿಕೆಯಿಂದಾಗಿ ನಿಮ್ಮ ಬುಧವಾರ ಎರಡು ಮೆಟ್ಟಿಲು ಮೇಲೆ ಹತ್ತಿಬಿಟ್ಟಿತ್ತು.

ಸ್ಕೇಲಿನಿಂದ ಅಳೆಯುವುದನ್ನೇ ಬಿಡುವುದು ಒಳ್ಳೆಯದು. ಇಂಥ ಬಾಟ್ಲಿಯ ತಳದಲ್ಲಿ ಐದು ಉಬ್ಬುಗಳಿರುತ್ತವೆ, ಸೊನ್ನೆ ಎಲ್ಲಿಂದ ಶುರು ಎಂದು ಹೇಳಲಾಗದು. ಅದರ ಬದಲು ನೀರನ್ನು ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಖಾಲಿ ಬಾಟ್ಲಿಯ ತೂಕ ಮೊದಲೇ ಬರೆದಿಟ್ಟುಕೊಂಡು, ಹೊರಮೈ ಒರೆಸಿ, ತುಂಬಿದ್ದನ್ನು ತೂಗಿ ಕಳೆಯಿರಿ. ಒಂದು ಗ್ರಾಂ ಅಂದರೆ ಒಂದು ಮಿಲಿಲೀಟರ್. 15 ಸೆಂ.ಮೀ. ಬಾಯಿಯ ವಿಸ್ತೀರ್ಣ ಸುಮಾರು 177 ಚದರ ಸೆಂ.ಮೀ., ಆದ್ದರಿಂದ ಪ್ರತಿ 17.7 ಮಿಲಿಲೀಟರಿಗೆ ಒಂದು ಮಿಲಿಮೀಟರ್ ಮಳೆ. ನೀರು ಎಂಥ ಪಾತ್ರೆಯಲ್ಲಿ ನಿಂತಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಬಾಯಿಯ ಅಳತೆಯಲ್ಲಿ ಮಾತ್ರ ರಾಜಿ ಬೇಡ. 15ನ್ನು 14.5 ಎಂದು ಓದಿದರೂ ಮಳೆ ಶೇಕಡಾ 7ರಷ್ಟು ಹೆಚ್ಚಾಗಿ ಕಾಣುತ್ತದೆ. ಪ್ಲಾಸ್ಟಿಕ್ ಆಲಿಕೆಗಳು ಪೂರ್ತಿ ದುಂಡಗಿರುವುದಿಲ್ಲ, ಹಾಗಾಗಿ ಒಳ ಅಂಚನ್ನು ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ.

ಇನ್ನೂ ಒಂದು ಕಾಯಿಲೆ ಇದೆ. ಅಡುಗೆಮನೆಯ ಆಲಿಕೆ ಆಳವಿಲ್ಲದ್ದು. ಜಡಿಮಳೆಯ ದಪ್ಪ ಹನಿ ಅದರ ಇಳಿಜಾರಿಗೆ ಬಡಿದು ಹೊರಕ್ಕೆ ಚಿಮ್ಮುತ್ತದೆ. ಯಾವ ಮಳೆಯನ್ನು ಅಳೆಯಬೇಕೆಂದಿದ್ದೇವೋ ಅದರಲ್ಲೇ ಹೆಚ್ಚು ನಷ್ಟ. ಪ್ಲಂಬರ್ ಬಳಿ 6 ಇಂಚಿನ ಪಿವಿಸಿ ಪೈಪಿನ ತುಂಡು ಸಿಗುತ್ತದೆ. 15 ಸೆಂ.ಮೀ. ಉದ್ದಕ್ಕೆ ನೇರವಾಗಿ ಕೊಯ್ಸಿ, ಅದರೊಳಗೆ ಆಲಿಕೆ ಕೂರಿಸಿ, ಸಂದಿಗೆ ಸಿಲಿಕೋನ್ ತುಂಬಿ. ಮೇಲಿನ ಅಂಚನ್ನು ಹೊರಗಡೆಯಿಂದ ಮಾತ್ರ ಮರಳುಕಾಗದದಿಂದ ಉಜ್ಜಿ ಹರಿತ ಮಾಡಿ, ಹನಿ ಒಳಗೋ ಹೊರಗೋ ಎಂಬುದು ಅಂಚಿನಲ್ಲೇ ತೀರ್ಮಾನವಾಗಲಿ. ಈಗ ಲೆಕ್ಕಕ್ಕೆ ಬರುವುದು ಪೈಪಿನ ಒಳ ಅಡ್ಡಳತೆ, ಆಲಿಕೆಯದಲ್ಲ. ಅದರಿಂದ ವಿಸ್ತೀರ್ಣವನ್ನು ಹೊಸದಾಗಿ ಲೆಕ್ಕ ಹಾಕಿ ಪೈಪಿನ ಮೇಲೆಯೇ ಪೆನ್ನಿನಿಂದ ಬರೆದಿಡಿ. ಕೆಳಗೆ 2 ಲೀಟರಿನ ಬಾಟ್ಲಿ ಸಾಲದು, ಅದು ಸುಮಾರು 113 ಮಿ.ಮೀ.ಗೇ ತುಂಬಿ ಹೊರಚೆಲ್ಲುತ್ತದೆ. 5 ಲೀಟರಿನ ಎಣ್ಣೆ ಕ್ಯಾನು ಇಡಿ, ಸೋಪಿನಲ್ಲಿ ತೊಳೆದು. ಸೊಳ್ಳೆಗೆಂದು ನುಣ್ಣನೆಯ ಜಾಲರಿ ಕಟ್ಟಬೇಡಿ, ಅದರ ಕಣ್ಣುಗಳಲ್ಲಿ ನೀರು ನಿಲ್ಲುತ್ತದೆ. ದಿನಾ ಖಾಲಿ ಮಾಡುವ ಕ್ಯಾನಿನಲ್ಲಿ ಸೊಳ್ಳೆ ಮರಿ ಬೆಳೆಯುವುದಿಲ್ಲ. ನಿಜವಾದ ಶತ್ರು ಪಾರಿವಾಳ. ಪುಕ್ಕ, ಹಿಕ್ಕೆ ಆಲಿಕೆಯ ಕಂಠದಲ್ಲಿ ಸಿಕ್ಕಿಕೊಂಡರೆ ನೀರು ಪೈಪಿನಲ್ಲೇ ನಿಂತು ತುಳುಕುತ್ತದೆ. ಮೋಡ ಕವಿದಾಗಲೆಲ್ಲ ಹುಡುಗ ಒಮ್ಮೆ ಹತ್ತಿ ನೋಡಿ ಬರಲಿ.

ಬಾಟ್ಲಿಯನ್ನು ನೀರಿನ ಟಾಂಕಿಯ ಪಕ್ಕ ಇಟ್ಟದ್ದೂ ಸರಿಯಲ್ಲ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಟಾಂಕಿಯ ಮರೆಯಲ್ಲಿ ಹನಿ ಬೀಳುವುದಿಲ್ಲ, ಇನ್ನೊಂದು ಬದಿಯಲ್ಲಿ ಗೋಡೆಯಿಂದ ಚಿಮ್ಮಿದ ನೀರೂ ಸೇರುತ್ತದೆ. ಯಾವುದೇ ಅಡ್ಡಿಯಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರವಿರಲಿ, ನಾಲ್ಕು ಪಟ್ಟಾದರೆ ಉತ್ತಮ. ಕಟ್ಟಡಕ್ಕೆ ಬಡಿದ ಗಾಳಿ ಪ್ಯಾರಪೆಟ್ ಏರಿ ಹನಿಗಳನ್ನು ಹೊತ್ತೊಯ್ಯುವುದರಿಂದ ಟೆರೇಸಿನ ನಡುಭಾಗವೇ ಯೋಗ್ಯ. ಬಾಯಿಯ ಅಂಚು ನೆಲದಿಂದ 30 ಸೆಂ.ಮೀ.ಗಿಂತ ಕೆಳಗಿರಬಾರದು, ಸಿಮೆಂಟಿನಿಂದ ಪುಟಿಯುವ ಹನಿಯೂ ಒಳಗೆ ಬಿದ್ದೀತು. ಎರಡು ಬದಿಗೆ ಇಟ್ಟಿಗೆ ಕೊಟ್ಟು ಅಲುಗದಂತೆ ನಿಲ್ಲಿಸಿ.

ಇನ್ನು ಪೇಪರಿನ ಅಂಕಿ. ಹವಾಮಾನ ಇಲಾಖೆಯ ಮಳೆಯ 'ದಿನ' ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ. ಗುರುವಾರ 8:30ಕ್ಕೆ ಅಳೆದದ್ದು ಗುರುವಾರದ ಹೆಸರಿನಲ್ಲಿ ದಾಖಲಾಗುತ್ತದೆ, ಆದರೆ ಅದರಲ್ಲಿರುವುದು ಬುಧವಾರ ಹಗಲಿನ ಮಳೆ. ಗುರುವಾರ ಬೆಳಗ್ಗೆ ನಿಮ್ಮ ಮನೆಗೆ ಬಂದ ಪೇಪರು ಅಚ್ಚಾಗುವಾಗ ಆ ಅಳತೆ ಇನ್ನೂ ಆಗಿರಲೇ ಇಲ್ಲ. ನೀವು ನೋಡಿದ್ದು ಬುಧವಾರ ಬೆಳಗ್ಗೆಗೆ ಮುಗಿದ ದಿನದ್ದೋ, ಸಂಜೆ 5:30ರವರೆಗಿನ ಒಂಬತ್ತು ಗಂಟೆಯದ್ದೋ ಎಂದು ಮೊದಲು ನೋಡಿಕೊಳ್ಳಬೇಕು. ಹುಡುಗನೂ ಇನ್ನು ಮೇಲೆ ಶಾಲೆಗೆ ಹೋಗುವ ಮುಂಚೆ, ಇಲ್ಲವೇ ನೀವೇ, 8:30ಕ್ಕೇ ಅಳೆಯಿರಿ. ಆಗ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು.

ಇಟ್ಟರೂ ಅವು ಒಂದೇ ಆಗಬೇಕೆಂದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿದಾಗ ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಎರಡೂ ಅಂಕಿ ಸರಿ. ಮಳೆಮೋಡದ ತಿರುಳು ಕೆಲವೇ ಕಿಲೋಮೀಟರ್ ಅಗಲವಿರುತ್ತದೆ. ಒಂದು ಉಪನಗರದ ಮೇಲೆ ಅದು ಕೂತುಬಿಟ್ಟರೆ ಪಕ್ಕದ ಉಪನಗರ ಛತ್ರಿ ಮಡಚಿಕೊಂಡು ಹೋಗಬಹುದು. 'ಮುಂಬಯಿಯಲ್ಲಿ ಇಂತಿಷ್ಟು ಮಳೆ' ಎಂಬ ಮಾತಿಗೇ ಅರ್ಥ ಕಡಿಮೆ ಎನ್ನುವುದು ನಮ್ಮ ಅಭಿಪ್ರಾಯ.

92 ಮಿ.ಮೀ. ಈ ಊರಿಗೆ ಹೊಸದೇನಲ್ಲ, ಹಾಗಾದರೆ ಮೊಣಕಾಲು ನೀರೇಕೆ? ಗಟಾರಕ್ಕೆ ದಿನದ ಲೆಕ್ಕ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಗಂಟೆಯ ಲೆಕ್ಕ. ಮುಂಬಯಿಯ ಹಳೆಯ ಮಳೆನೀರಿನ ಗಟಾರಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆಂದು ಕಟ್ಟಲಾಗಿತ್ತು, ಅದೂ ಅರ್ಧ ನೀರು ಮಣ್ಣಿನಲ್ಲಿ ಇಂಗುತ್ತದೆಂಬ ಲೆಕ್ಕದಲ್ಲಿ. ಆ ಮಣ್ಣು ಇಂದು ಪೇವರ್ ಬ್ಲಾಕು, ಕಾಂಕ್ರೀಟಿನ ಅಡಿಯಲ್ಲಿದೆ. ಬಿದ್ದದ್ದೆಲ್ಲ ಹರಿದು ಬಂದರೆ ಅದೇ ಗಟಾರ ಗಂಟೆಗೆ ಹನ್ನೆರಡೂವರೆ ಮಿ.ಮೀ. ಮಳೆಗೇ ತುಂಬುತ್ತದೆ. ಈ ಗಟಾರಗಳ ಸುಧಾರಣೆಗೆಂದು ಬಂದ 1993ರ ಬ್ರಿಮ್‌ಸ್ಟೋವಾಡ್ ವರದಿ ಸಾಮರ್ಥ್ಯವನ್ನು ಗಂಟೆಗೆ 50 ಮಿ.ಮೀ.ಗೆ ಏರಿಸಲು ಹೇಳಿತು. ಕೆಲಸಕ್ಕೆ ನಿಜವಾದ ವೇಗ ಬಂದದ್ದು 2005ರ ನೆರೆಯ ನಂತರ. ನಿಮ್ಮ 92ರಲ್ಲಿ 70 ಆ ಎರಡು ಗಂಟೆಗಳಲ್ಲೇ ಬಿದ್ದಿದ್ದರೆ ಗಂಟೆಗೆ 35 ಆಯಿತು. ಗಟಾರ ಹಳೆಯದಾಗಿದ್ದರೆ ಮುಂದೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮದೇ ಟೆರೇಸನ್ನು ತೆಗೆದುಕೊಳ್ಳಿ: 400 ಚದರ ಮೀಟರ್ ಇದ್ದರೆ 92 ಮಿ.ಮೀ. ಮಳೆಗೆ 36,800 ಲೀಟರ್ ನೀರು, ಮೂರೂವರೆ ದೊಡ್ಡ ಟ್ಯಾಂಕರಿಗಿಂತ ಹೆಚ್ಚು. ಮೇ ತಿಂಗಳಲ್ಲಿ ದುಡ್ಡು ಕೊಟ್ಟು ತರಿಸುವ ನೀರನ್ನು ಜುಲೈಯಲ್ಲಿ ಗೇಟಿನ ಮುಂದಿನ ಗಟಾರಕ್ಕೆ ಸುರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಜೊತೆಗೆ ಕಡಲಿನ ಭರತ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ದೊಡ್ಡ ಭರತ ಬರುವುದು ನಡುಹಗಲು ಮತ್ತು ನಡುರಾತ್ರಿಯ ಹೊತ್ತಿಗೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಾಲಾಗಳ ಬಾಯಿ ಅನೇಕ ಕಡೆ ಭರತದ ಮಟ್ಟಕ್ಕಿಂತ ಕೆಳಗಿದೆ. ಆ ಬಾಯಿಗೆ ಬಾಗಿಲು ಹಾಕದಿದ್ದರೆ ಕಡಲು ಒಳಗೆ ಬರುತ್ತದೆ, ಹಾಕಿದರೆ ಮಳೆನೀರು ಹೊರಗೆ ಹೋಗುವುದಿಲ್ಲ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್ ಮುಂತಾದ ಕಡೆ ಪಂಪಿಂಗ್ ಸ್ಟೇಷನ್ ಕಟ್ಟಿರುವುದು ಈ ಕಟ್ಟನ್ನು ಬಿಡಿಸಲೆಂದೇ. ನಿಮ್ಮ ಕುರ್ಲಾದ ನೀರು ಸೇರುವ ಮೀಠಿ ನದಿ ಮಾಹೀಮಿನ ಖಾರಿಯಲ್ಲಿ, ಅಂದರೆ ಅಳಿವೆಯಲ್ಲಿ, ಕಡಲಿಗೆ ಸೇರುತ್ತದೆ, ಭರತದ ಒತ್ತಡ ಅದರುದ್ದಕ್ಕೂ ಒಳಗೆ ಬರುತ್ತದೆ. ಆಟಿ ಅಮಾವಾಸ್ಯೆಯ ಮುನ್ನಾದಿನ, ಮಧ್ಯಾಹ್ನ 12ಕ್ಕೆ ಜಡಿಮಳೆ: ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

ಆದ್ದರಿಂದ ಹುಡುಗನ ಪುಸ್ತಕದಲ್ಲಿ ಮಳೆಯೊಂದೇ ಸಾಲದು. ಗೇಟಿನ ಕಂಬದ ಮೇಲೆ 5 ಸೆಂ.ಮೀ.ಗೊಂದು ಗೆರೆ ಬಣ್ಣದಲ್ಲಿ ಎಳೆಯಿರಿ. ಜಡಿಮಳೆ ಹಿಡಿದ ದಿನ ಅರ್ಧ ಗಂಟೆಗೊಮ್ಮೆ ನಾಲ್ಕು ಸಂಗತಿ ಬರೆಯಿರಿ: ಹೊತ್ತು, ಕ್ಯಾನಿನ ನೀರು, ಗೇಟಿನ ಗೆರೆ, ಭರತವೋ ಇಳಿತವೋ. ಮಿಂಚು ಗುಡುಗಿದ್ದರೆ ಯಾರೂ ಟೆರೇಸ್ ಹತ್ತುವುದು ಬೇಡ. ಇಂಥ ಐದಾರು ದಿನಗಳ ದಾಖಲೆ ಸಿಕ್ಕರೆ ಕಾರಣ ತಾನೇ ಬಾಯಿಬಿಡುತ್ತದೆ. ಮಳೆ ಜೋರಾದ ಸ್ವಲ್ಪ ಹೊತ್ತಿಗೇ ನೀರು ಏರಿ, ಮಳೆ ನಿಂತೊಡನೆ ಇಳಿದರೆ ಗಟಾರ ಚಿಕ್ಕದು. ಸಾಧಾರಣ ಮಳೆಗೂ ನಿಂತು, ಇಳಿತದಲ್ಲೂ ಇಳಿಯದಿದ್ದರೆ ಹೂಳು, ಪ್ಲಾಸ್ಟಿಕ್ ಕಟ್ಟಿಕೊಂಡಿದೆ. ಮಳೆ ನಿಂತರೂ ನೀರು ಹಾಗೇ ಇದ್ದು, ಭರತ ಇಳಿಯುವಾಗ ಸರಸರ ಹೋದರೆ ಕಾರಣ ನಾಲಾದ ಬಾಯಲ್ಲಿದೆ. ಭರತವಿಲ್ಲದ ಹೊತ್ತಿನಲ್ಲಿ, ಮಳೆ ನಿಂತ ಮೇಲೆ ನೀರು ಏರತೊಡಗಿದರೆ ಅದು ನಿಮ್ಮ ಮಳೆಯಲ್ಲ, ಬಹುಶಃ ವಿಹಾರ, ಪವಾಯಿ ಕಡೆಯಿಂದ ಮೀಠಿಯಲ್ಲಿ ಬಂದ ನೀರು. ಪಾಲಿಕೆಯ ಎಲ್ ವಾರ್ಡ್ ಕಚೇರಿಗೆ 'ನೀರು ನಿಂತಿದೆ' ಎಂಬ ಅರ್ಜಿಗಿಂತ ಈ ಪುಟಗಳ ಜೆರಾಕ್ಸ್ ಕೊಡಿ. ಹೂಳೆತ್ತಲು ಹೇಳಬೇಕೋ, ಪೈಪು ಬದಲಿಸಲು ಹೇಳಬೇಕೋ ನಿಮಗೇ ತಿಳಿದಿರುತ್ತದೆ.

ಹವಾಮಾನ ಬದಲಾವಣೆಯ ಪ್ರಶ್ನೆಗೆ ಒಂದು ಬುಧವಾರದಿಂದ ಉತ್ತರ ಹೇಳಲಾಗದು. ದಶಕಗಳ ದಾಖಲೆಯಿಂದ ಹೇಳಬಹುದು, ಹೇಳಿದ್ದಾರೆ ಕೂಡ. ಹವಾಮಾನ ವಿಜ್ಞಾನಿ ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 1951ರಿಂದ 2000ದವರೆಗಿನ ಮಧ್ಯಭಾರತದ ಮಳೆಯನ್ನು ಜಾಲಾಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ನೆನಪಿಗೆ ತೀರ ಹತ್ತಿರ ಬರುತ್ತದೆ: ದಿನಕ್ಕೆ 100 ಮಿ.ಮೀ. ದಾಟಿದ ಮಳೆಗಳು ಹೆಚ್ಚಿದ್ದವು, ಅದಕ್ಕಿಂತ ಸಾಧಾರಣವಾದವು ಕಡಿಮೆಯಾಗಿದ್ದವು, ಒಟ್ಟು ಸರಾಸರಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ಇನ್ನೂ ಮುಂದೆ ಹೋದರು. 1950ರಿಂದ 2015ರವರೆಗೆ ಮಧ್ಯಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಹರಡುವ ಅತಿರೇಕದ ಮಳೆಗಳು ಮೂರು ಪಟ್ಟಾಗಿವೆ. ಅರಬ್ಬಿ ಕಡಲಿನ ಪಡುವಣ ಗಾಳಿಯ ಏರುಪೇರು ಹೆಚ್ಚಿ, ತೇವಾಂಶ ಒಮ್ಮೆಲೇ ನುಗ್ಗಿ ಬರುವುದು ಕಾರಣ ಎಂದು ಅವರು ತೋರಿಸಿದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು ಎಂಬ ಭೌತಶಾಸ್ತ್ರ ಇದರ ಹಿಂದಿದೆ. ಈ ಎರಡು ಅಧ್ಯಯನಗಳೂ ದೊಡ್ಡ ಭೂಪ್ರದೇಶದ್ದು, ಕುರ್ಲಾದ ಒಂದು ಗಲ್ಲಿಯದ್ದಲ್ಲ, ನಿಮ್ಮ ಕರಾವಳಿ ಊರಿನದ್ದೂ ಅಲ್ಲ. ಗೇಟಿನಲ್ಲಿ ನಿಂತ ನೀರಿನಲ್ಲಿ ಬಿಸಿಯಾದ ಕಡಲಿನ ಪಾಲೂ ಇರಬಹುದು, ಕಾಂಕ್ರೀಟಿನ ಪಾಲು ಮಾತ್ರ ಖಂಡಿತ ಇದೆ. ಮೊದಲನೆಯದನ್ನು ತೋರಿಸಿ ಎರಡನೆಯದರ ಹೊಣೆ ಜಾರಿಸಿಕೊಳ್ಳಲು ಯಾರಿಗೂ ಬಿಡಬೇಡಿ.

ಪುನರ್ವಸು, ಪುಷ್ಯದ ಬಗ್ಗೆ ಒಂದು ಕೋರಿಕೆ. ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆನಕ್ಷತ್ರದ ಹೆಸರನ್ನೂ ಹುಡುಗ ಬರೆಯಲಿ. ಒಂದೊಂದು ನಕ್ಷತ್ರ ಹದಿಮೂರು-ಹದಿನಾಲ್ಕು ದಿನದ್ದು; ಅಷ್ಟರಲ್ಲಿ ಎಷ್ಟು ದಿನ ಎರಡೂವರೆ ಮಿ.ಮೀ. ದಾಟಿತು, ಎಷ್ಟು ದಿನ 64.5 ದಾಟಿತು ಎಂದು ಬೇರೆ ಬೇರೆ ಎಣಿಸಿ. ಜಿಟಿಜಿಟಿ ಮಳೆ ಮತ್ತು ಜಡಿಮಳೆಯನ್ನು ಬೇರೆ ಮಾಡಿ ನೋಡುವ ಸುಲಭದ ದಾರಿ ಇದು. ಈ ಸಲ ಆಶ್ಲೇಷ, ಮಘಾ ಇನ್ನೂ ಬಾಕಿ ಇವೆ. ಪೈಪಿನ ತುಂಡು ಈ ಭಾನುವಾರವೇ ತನ್ನಿ. ಹುಬ್ಬ ಮಳೆ ಮುಗಿದ ಮೇಲೆ ಪುಸ್ತಕದ ಪ್ರತಿ ಕಳಿಸಿಕೊಡಿ, ಸಾಂತಾಕ್ರೂಜ್‌ನ 8:30ರ ಅಂಕಿಗಳ ಪಕ್ಕದಲ್ಲಿಟ್ಟು ಹುಡುಗನ ಹೆಸರಿನಲ್ಲಿಯೇ ಪ್ರಕಟಿಸುತ್ತೇವೆ.

— ಸಂಪಾದಕರು