ಹಾಸನದಲ್ಲಿದ್ದುಕೊಂಡೇ ವೈಫೈ ಸೆಕ್ಯುರಿಟಿ ಟೆಸ್ಟಿಂಗ್ ಕಲಿಯೋಕಾಗುತ್ತಾ? ಯಾವ ಅಡಾಪ್ಟರ್ ತಗೊಳ್ಳಲಿ?

ಆಗುತ್ತೆ. ನಾನೂ ಹಾಸನದಲ್ಲೇ ಕಲಿತವನು, ಹಾಗಾಗಿ ನೇರವಾಗಿ ಹೇಳ್ತೀನಿ: ಬೆಂಗಳೂರಿನ ಕೋರ್ಸಿಗೆ ದುಡ್ಡು ಸುರಿಯಬೇಡಿ, ಅಡಾಪ್ಟರನ್ನೂ (ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಕಾರ್ಡ್) ಈಗಲೇ ಕೊಳ್ಳಬೇಡಿ. ಪಿಜಿಯ ಪಾಸ್‌ವರ್ಡ್ ಗೊತ್ತಿದೆ, ಅದರ ಮೇಲೆ ಪ್ರಾಕ್ಟೀಸ್ ಮಾಡಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಪಾಸ್‌ವರ್ಡ್ ಕೊಟ್ಟಿದ್ದು ಇಂಟರ್ನೆಟ್ ಬಳಸೋಕೆ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಕೈ ಹಾಕಿದರೆ 2000ನೇ ಇಸವಿಯ ಐಟಿ ಕಾಯ್ದೆಯ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮೊದಲು ಅಡಾಪ್ಟರ್ ಇಲ್ಲದೆಯೇ ಕಲಿಯಿರಿ. ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಮ್ಯಾಕ್80211_ಎಚ್‌ಡಬ್ಲ್ಯೂಸಿಮ್ (mac80211_hwsim) ಅನ್ನೋ ಮಾಡ್ಯೂಲ್ ಬರುತ್ತೆ. ಅದನ್ನು ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್‌ನಲ್ಲಿ ರೇಡಿಯೋಸ್=2 ಅಂತ ಕೊಟ್ಟರೆ ಎರಡು ನಕಲಿ ವೈಫೈ ಕಾರ್ಡ್ ಸಿಗುತ್ತವೆ. ಲಿನಕ್ಸ್‌ನಲ್ಲಿ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಅವೆರಡನ್ನೂ ಮುಟ್ಟದ ಹಾಗೆ ಅನ್‌ಮ್ಯಾನೇಜ್ಡ್ ಮಾಡಿ, ಇಲ್ಲದಿದ್ದರೆ ಅದು ಮಧ್ಯೆ ಕೈಯಾಡಿಸುತ್ತೆ. ಒಂದರಲ್ಲಿ ಹೋಸ್ಟ್‌ಎಪಿಡಿ ಓಡಿಸಿದರೆ ಅದೇ ರೌಟರ್. ಇನ್ನೊಂದರಲ್ಲಿ ಡಬ್ಲ್ಯೂಪಿಎ ಸಪ್ಲಿಕಂಟ್ ಓಡಿಸಿದರೆ ಅದೇ ನಿಮ್ಮ ಮೊಬೈಲ್. ಅವೆರಡರ ಮಾತುಕತೆ ಕೇಳಿಸುವ ಎಚ್‌ಡಬ್ಲ್ಯೂಸಿಮ್0 ಇಂಟರ್‌ಫೇಸ್ ಅನ್ನು ಅಪ್ ಮಾಡಿ, ಪ್ಯಾಕೆಟ್ ನೋಡುವ ವೈರ್‌ಶಾರ್ಕ್‌ನಲ್ಲಿ ತೆರೆದು ಇಎಪಿಒಎಲ್ (ಲಾಗಿನ್ ಸಂದೇಶಗಳ) ಫಿಲ್ಟರ್ ಹಾಕಿ. ನಾಲ್ಕು ಸಂದೇಶ ಕಾಣುತ್ತವೆ, ಇದೇ ಹ್ಯಾಂಡ್‌ಶೇಕ್. ಪಾಸ್‌ವರ್ಡ್ ಅದರಲ್ಲಿ ಎಲ್ಲೂ ಇರಲ್ಲ. ಎರಡನೇ ಸಂದೇಶದಲ್ಲಿರುವ ಎಂಐಸಿ (ಪಾಸ್‌ವರ್ಡಿನ ಆಧಾರದ ಮೇಲೆ ಹುಟ್ಟುವ ಪರಿಶೀಲನಾ ಸಂಕೇತ) ಜೊತೆ ಊಹೆಯನ್ನು ತಾಳೆ ನೋಡೋದೇ ಏರ್‌ಕ್ರ್ಯಾಕ್ (ಪಾಸ್‌ವರ್ಡ್ ಊಹಿಸುವ ಟೂಲ್) ಮಾಡುವ ಕೆಲಸ. ಇದು ಅರ್ಥವಾಗೋವರೆಗೆ ಮುಂದೆ ಹೋಗಬೇಡಿ.

ಈಗ ಅಡಾಪ್ಟರ್. ದುಡ್ಡು ಹಾಳಾಗೋದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಎಲ್ಲರೂ ಮಾಡೆಲ್ ಹೆಸರು ನೋಡಿ ಕೊಳ್ಳುತ್ತಾರೆ. ನೋಡಬೇಕಾದ್ದು ಒಳಗಿನ ಚಿಪ್. ಟಿಪಿ-ಲಿಂಕ್ ಟಿಎಲ್-ಡಬ್ಲ್ಯೂಎನ್722ಎನ್ ಹಳೇ ವಿಡಿಯೋಗಳಲ್ಲೆಲ್ಲ ಬರುತ್ತೆ. ಅದರ ವರ್ಷನ್ 1ರಲ್ಲಿದ್ದದ್ದು ಅಥೆರೋಸ್ ಎಆರ್9271, ಡ್ರೈವರ್ ಕರ್ನಲ್‌ನಲ್ಲೇ ಇದೆ, ಮಾನಿಟರ್ ಮೋಡ್ (ಸುತ್ತಲಿನ ವೈಫೈ ಪ್ಯಾಕೆಟ್‌ಗಳನ್ನೆಲ್ಲ ಹಿಡಿಯುವ ವಿಧಾನ) ತಕರಾರಿಲ್ಲದೆ ಬರುತ್ತೆ. ವರ್ಷನ್ 2 ಮತ್ತು 3ಕ್ಕೆ ಹೆಸರು ಅದೇ, ಚಿಪ್ ಮಾತ್ರ ರಿಯಲ್‌ಟೆಕ್ 8188ಇಯುಎಸ್. ಈ ಕೆಲಸಕ್ಕೆ ಅದಕ್ಕೆ ಸಾಮಾನ್ಯವಾಗಿ ಹೊರಗಿನ ಡ್ರೈವರ್ ಕಂಪೈಲ್ ಮಾಡಬೇಕಾಗುತ್ತೆ. ಕರ್ನಲ್ ಅಪ್‌ಡೇಟ್ ಆದಾಗ ಅದು ಮುರಿಯಬಹುದು. ಆದ್ದರಿಂದ ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಕಮಾಂಡ್) ಓಡಿಸಿ. 0ಸಿಎಫ್3:9271 ಅಂತ ಬಂದರೆ ಮಾತ್ರ ಅದು ಅಥೆರೋಸ್. ಈ ಚಿಪ್ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತೆ. 5 ಕೂಡ ಬೇಕಿದ್ದರೆ ಮೀಡಿಯಾಟೆಕ್ ಎಂಟಿ7612ಯು ಇರೋದನ್ನು ಹುಡುಕಿ. ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಒಳಗಿನ ಲಿನಕ್ಸ್‌ಗೆ ಲ್ಯಾಪ್‌ಟಾಪಿನ ಒಳಗಿನ ವೈಫೈ ತಂತಿಯ ನೆಟ್‌ವರ್ಕ್ ಆಗಿ ಕಾಣುತ್ತೆ, ಹಾಗಾಗಿ ಲಿನಕ್ಸನ್ನು ಪೆನ್‌ಡ್ರೈವಿನಿಂದ ನೇರವಾಗಿ ಲೈವ್ ಬೂಟ್ ಮಾಡೋದೇ ಸುಲಭ.

ನಂತರ ನಿಮ್ಮದೇ ಒಂದು ಹಳೇ ರೌಟರ್ ಇಡಿ. ಮಾನಿಟರ್ ಮೋಡ್ ಹಾಕುವ ಏರ್‌ಮಾನ್‌ಗೆ ಚೆಕ್ ಕಿಲ್ (ಅಡ್ಡ ಬರುವ ಪ್ರೋಗ್ರಾಂ ನಿಲ್ಲಿಸುವ ಆದೇಶ) ಕೊಟ್ಟ ಕೂಡಲೇ ಇಂಟರ್ನೆಟ್ ಹೋಗುತ್ತೆ; ಕಾರ್ಡ್ ಕೆಟ್ಟಿಲ್ಲ, ಕೊನೆಗೆ ನೆಟ್‌ವರ್ಕ್ ಮ್ಯಾನೇಜರ್ ರೀಸ್ಟಾರ್ಟ್ ಮಾಡಿ. ವಿದ್ಯಾನಗರದಂಥ ಕಡೆ ಸುತ್ತ ಹತ್ತಾರು ನೆಟ್‌ವರ್ಕ್ ಇರುತ್ತವೆ. ಪ್ಯಾಕೆಟ್ ಹಿಡಿಯುವ ಏರೋಡಂಪ್‌ಗೆ ನಿಮ್ಮ ರೌಟರಿನ ಬಿಎಸ್‌ಎಸ್‌ಐಡಿ (ವೈಫೈ ವಿಳಾಸ), ಚಾನೆಲ್ ಎರಡನ್ನೂ ಕೊಡಿ. ಚಾನೆಲ್ ಕೊಡದಿದ್ದರೆ ಅದು ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಾ ಹ್ಯಾಂಡ್‌ಶೇಕ್ ತಪ್ಪಿಸಿಕೊಳ್ಳುತ್ತೆ. ಡಿಆಥ್ (ಮೊಬೈಲನ್ನು ಬಲವಂತವಾಗಿ ಕಡಿತಗೊಳಿಸುವ ಸಂದೇಶ) ಕಳಿಸುವ ಅಗತ್ಯವೇ ಇಲ್ಲ, ನಿಮ್ಮ ಮೊಬೈಲಿನ ವೈಫೈ ಆಫ್ ಮಾಡಿ ಆನ್ ಮಾಡಿದರೆ ಸಾಕು.

ಕೈ ಪಳಗಿದ ಮೇಲೆ ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುವ ಪರಿಚಯದವರಿಂದ ಲಿಖಿತ ಒಪ್ಪಿಗೆ ಪಡೆದು ನೋಡಿ. ಪಾಸ್‌ವರ್ಡ್ ಅವರ ಮೊಬೈಲ್ ನಂಬರೇ ಆಗಿದ್ದರೆ ಬದಲಾಯಿಸಿ. ನಮ್ಮ ಮೊಬೈಲ್ ನಂಬರು ಶುರುವಾಗೋದು 6ರಿಂದ 9ರೊಳಗೆ, ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಸೆಕೆಂಡಿಗೆ 1 ಲಕ್ಷ ಊಹೆ ಮಾಡುವ ಗ್ರಾಫಿಕ್ಸ್ ಕಾರ್ಡಿಗೆ ಅದು ಸುಮಾರು 11 ಗಂಟೆಯ ಕೆಲಸ. ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಪಿನ್‌ನಿಂದ ರೌಟರಿಗೆ ಸೇರುವ ಸೌಲಭ್ಯ) ಕೂಡ ಆಫ್ ಮಾಡಿಸಿ: ಅದರ 8 ಅಂಕಿಯ ಪಿನ್ ಎರಡು ತುಂಡಾಗಿ ಪರಿಶೀಲನೆಯಾಗುತ್ತೆ, ಹಾಗಾಗಿ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಹೆಚ್ಚೆಂದರೆ 11,000 ಊಹೆ ಸಾಕು.